ರೂಪಾಯಿ ವ್ಯಾಪಾರದ ಕಾಲದ ಹಸಿರೆಲೆ: ಭಾರತದ ಚಹಾ ರಫ್ತು ಮತ್ತು ನೀಲಗಿರಿಯ ಸಣ್ಣ ಬೆಳೆಗಾರರು

ಕೂನೂರಿನ ಕಡೆ ಈ ಹೊತ್ತು ಮಳೆ ಹಿಡಿದಿದೆ, ಕರೆಂಟು ಹೋಗಿ ಬಂದು ಮಾಡ್ತಾ ಇದೆ. ನಡುವೆ ನನ್ನ ದನಿ ನಿಂತರೆ ಎರಡು ನಿಮಿಷ ಕಾಯಿರಿ, ಮತ್ತೆ ಸೇರಿಕೊಳ್ಳುತ್ತೇನೆ.

ಗಡಿಯಾಚೆಯ ಕನ್ನಡ ಅಂದ ಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ಊರ ಹೆಸರಿನ ಬೋರ್ಡು ಇವನ್ನೇ ಮಾತಾಡುತ್ತೇವೆ. ಅವೆಲ್ಲ ಬೇಕಾದ ಮಾತುಗಳೇ. ನಾನು ಮಾತ್ರ ಇವತ್ತು ಹೊಟ್ಟೆಪಾಡಿನ ಕಡೆಯಿಂದ ಬರುತ್ತೇನೆ. ನೀಲಗಿರಿಯಲ್ಲಿ ಬಡಗರೂ, ಮೈಸೂರು ಸೀಮೆಯಿಂದ ಘಟ್ಟ ಹತ್ತಿ ಬಂದ ಕನ್ನಡದ ಮನೆಗಳೂ ಅರ್ಧ ಶತಮಾನದಿಂದ ಹೆಚ್ಚಾಗಿ ನೆಚ್ಚಿಕೊಂಡಿರುವುದು ಒಂದೇ ಬೆಳೆಯನ್ನು. ಬಡಗು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆಗೆ ಇವತ್ತು ಹೋಗುವುದಿಲ್ಲ. ಹೋದರೆ ಚಹಾ ತಣ್ಣಗಾಗುತ್ತದೆ.

ಒಂದು ನೆನಪಿನಿಂದ ಶುರು ಮಾಡುತ್ತೇನೆ. 1999–2000ರ ಸುಮಾರು. ನಾನು ಕಾಲೇಜಿನಲ್ಲಿದ್ದೆ, ರಜೆಗೆ ಬಂದಾಗ ಅಪ್ಪನ ಜೊತೆ ಎಲೆ ಹೊತ್ತುಕೊಂಡು ತೂಕದ ಶೆಡ್ಡಿಗೆ ಹೋಗುತ್ತಿದ್ದೆ. ಅಲ್ಲಿ ಏಜೆಂಟು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಎಲೆ ತೆಗೆದು, ಅಪ್ಪನ ಮುಖ ನೋಡದೆ, "ಗೌಡರೇ, ಎಲೆ ಸರಿ ಇಲ್ಲ" ಅಂದ. ನೀರಿನಂಶಕ್ಕೆ ಅಂತ ಇಷ್ಟು ಕಡಿತ, ಬಲಿತ ಎಲೆಗೆ ಅಂತ ಇಷ್ಟು ಕಡಿತ. ಎರಡು ವರ್ಷದ ಹಿಂದೆ ಅದೇ ಗಿಡದ, ಅದೇ ಎಲೆಯನ್ನು ಅದೇ ಮನುಷ್ಯ ಮನೆ ಬಾಗಿಲಿಗೆ ಬಂದು, ಮುಂಗಡ ಕೊಟ್ಟು ಒಯ್ಯುತ್ತಿದ್ದ. ಕೆಜಿಗೆ ಎರಡಂಕಿಯಲ್ಲಿದ್ದ ಹಸಿರೆಲೆಯ ದರ ನಾಲ್ಕೈದು ರೂಪಾಯಿಗೆ ಇಳಿದಿತ್ತು. ಆ ಹೊತ್ತಿಗೆ ಅಧಿಕಾರಿಗಳು, ವ್ಯಾಪಾರಿಗಳು, ಪತ್ರಿಕೆಗಳು ಎಲ್ಲರ ಬಾಯಲ್ಲೂ ಒಂದೇ ಮಾತು: ನೀಲಗಿರಿಯ ಸಣ್ಣ ಬೆಳೆಗಾರ ಗುಣಮಟ್ಟ ಕೆಡಿಸಿದ, ಅದಕ್ಕೇ ಬೆಲೆ ಬಿತ್ತು.

ಈ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಒರಟು ಎಲೆ ಕೊಯ್ಯುವ ಅಭ್ಯಾಸ ನಮಗೆ ಬಂದದ್ದು ಎಲ್ಲಿಂದ, ಅದನ್ನು ಮೂವತ್ತು ವರ್ಷ ಕೊಂಡವರು ಯಾರು, ಯಾವ ಹಣದಲ್ಲಿ ಕೊಂಡರು ಅಂತ ಕೇಳಿದರೆ ಉತ್ತರ ನಮ್ಮ ಬೆಟ್ಟ ದಾಟಿ ದೆಹಲಿ, ಮಾಸ್ಕೋಗಳ ತನಕ ಹೋಗುತ್ತದೆ.

ಸ್ವಲ್ಪ ಹಿಂದಿನಿಂದ ಬರೋಣ. ಭಾರತದ ಚಹಾ ಹುಟ್ಟಿದ್ದೇ ರಫ್ತಿಗಾಗಿ. ಅಸ್ಸಾಮಿನ ಮೊದಲ ಚಹಾ ಲಂಡನ್ನಿನಲ್ಲಿ ಹರಾಜಾದದ್ದು 1839ರ ಜನವರಿಯಲ್ಲಿ. ನೀಲಗಿರಿಯಲ್ಲಿ 1830ರ ದಶಕದಲ್ಲೇ ಕೇತಿಯ ಪ್ರಯೋಗ ತೋಟದಲ್ಲಿ ಚಹಾ ಗಿಡ ನೆಟ್ಟಿದ್ದರು. ಎಸ್ಟೇಟುಗಳು ಎದ್ದದ್ದು 1850ರ ದಶಕದ ಕೊನೆಗೆ. 1880ರ ದಶಕ ಮುಗಿಯುವುದರೊಳಗೆ ಬ್ರಿಟನ್ನಿನ ಲೋಟದಲ್ಲಿ ಚೀನಾದ ಚಹಾವನ್ನು ಹಿಂದೆ ಹಾಕಿ ಭಾರತದ ಚಹಾ ಮೇಲೆ ಬಂತು. ದಕ್ಷಿಣದ ತೋಟದವರ ಸಂಘ 'ಉಪಾಸಿ' 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಈಗ ಅದರ ಕಚೇರಿ ಇರುವುದು ಇದೇ ಕೂನೂರಿನಲ್ಲಿ.

ಆ ಕಾಲದಲ್ಲಿ ಬಡಗರ ಹಟ್ಟಿಗಳಿಗೂ ಚಹಾಕ್ಕೂ ನಂಟು ಕಡಿಮೆ. ಚಹಾ ಅಂದರೆ ದೊರೆಗಳ ತೋಟ. ನಮ್ಮವರದು ರಾಗಿ, ಸಾಮೆ, ಗೋಧಿ, ಆಮೇಲೆ ಆಲೂಗಡ್ಡೆ. ಇದಕ್ಕೆ ಬಂಡವಾಳದ ಕೊರತೆ ಒಂದು ಕಾರಣ. ಇನ್ನೊಂದು ಕಾರಣವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. 1930ರ ಸುಮಾರಿನಲ್ಲಿ ಲೋಕದ ಪೇಟೆಯಲ್ಲಿ ಚಹಾ ಮಿತಿಮೀರಿ ತುಂಬಿ ಬೆಲೆ ನೆಲಕಚ್ಚಿತು. ಆಗ ಭಾರತ, ಸಿಲೋನ್ ಮತ್ತು ಡಚ್ಚರ ಈಸ್ಟ್ ಇಂಡೀಸಿನ ತೋಟದವರು ಸೇರಿ 1933ರಲ್ಲಿ ಅಂತರರಾಷ್ಟ್ರೀಯ ಚಹಾ ಒಪ್ಪಂದ ಮಾಡಿಕೊಂಡರು. ಪ್ರತಿ ದೇಶ ಎಷ್ಟು ರಫ್ತು ಮಾಡಬಹುದು ಅಂತ ಕೋಟಾ. ಮೊದಲ ವರ್ಷ ಆಯಾ ದೇಶ ಹಿಂದೆ ಮಾಡಿದ್ದ ಅತಿ ಹೆಚ್ಚಿನ ರಫ್ತಿನ 85 ಶೇಕಡಾ ಮಾತ್ರ. ಜೊತೆಗೆ ಹೊಸದಾಗಿ ಗಿಡ ನೆಡುವುದಕ್ಕೂ ಕಡಿವಾಣ: ಇದ್ದ ವಿಸ್ತೀರ್ಣದ ಅರ್ಧ ಶೇಕಡಾದಷ್ಟು ಮಾತ್ರ ಹೆಚ್ಚಿಸಬಹುದು.

ಇದರ ಅರ್ಥ ನೋಡಿ. ಒಳಗಿದ್ದವನು ಒಳಗೇ, ಹೊರಗಿದ್ದವನು ಹೊರಗೇ. ಚಹಾದ ಬೆಲೆಯನ್ನು ರಾಜ್ಯಗಳೂ ದೊಡ್ಡ ಬಂಡವಾಳವೂ ಕೂತು ಗೊತ್ತು ಮಾಡುವುದು ಸೋವಿಯತ್ ಕಾಲದ ಆವಿಷ್ಕಾರ ಅಲ್ಲವೇ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಆಹಾರ ಸಚಿವಾಲಯವೇ ಭಾರತದ ಚಹಾವನ್ನು ಸಗಟಾಗಿ ಕೊಂಡಿತು. ಲಂಡನ್ ಹರಾಜು 1951ರ ತನಕ ಮುಚ್ಚಿತ್ತು. ಸಗಟು ಖರೀದಿ ನಿಂತ ಮೇಲೆ 1952ರಲ್ಲಿ ಬೆಲೆ ಕುಸಿದು ಉತ್ತರದಲ್ಲಿ ಎಷ್ಟೋ ತೋಟಗಳು ಬಾಗಿಲು ಹಾಕಿದವು. ಸರಕಾರ ಕೊಳ್ಳುವಾಗ ಬೆಲೆ ನಿಲ್ಲುತ್ತದೆ, ಕೈ ತೆಗೆದ ಕೂಡಲೇ ಬೀಳುತ್ತದೆ. 1952ರ ಈ ಪಾಠವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮವರು ಚಹಾಕ್ಕೆ ಬಂದ ಕಥೆ. 1961ರಲ್ಲಿ ನೀಲಗಿರಿಯ ಆಲೂಗಡ್ಡೆ ಹೊಲಗಳಲ್ಲಿ ಗೋಲ್ಡನ್ ನೆಮಟೋಡ್ ಎಂಬ ಬೇರುಹುಳು ಪತ್ತೆಯಾಯಿತು. ಬಿತ್ತನೆ ಗೆಡ್ಡೆಯನ್ನು ಹೊರಗೆ ಸಾಗಿಸಲು ನಿರ್ಬಂಧ ಬಂತು. ಅದೇ ಹೊತ್ತಿಗೆ, 1962ರಲ್ಲಿ, ಕುಂದಾದಲ್ಲಿ ಸಣ್ಣ ಬೆಳೆಗಾರರ ಮೊದಲ ಸಹಕಾರಿ ಚಹಾ ಕಾರ್ಖಾನೆ ಶುರುವಾಯಿತು. 1963ರಲ್ಲಿ ಕೂನೂರಿನಲ್ಲೇ ಹರಾಜು ಕೇಂದ್ರ ಬಂತು. ಅದಕ್ಕೆ ಮುಂಚೆ ದಕ್ಷಿಣದವರಿಗೆ ಇದ್ದದ್ದು 1947ರಲ್ಲಿ ಆರಂಭವಾದ ಕೊಚ್ಚಿಯ ಹರಾಜು. 1965ರಲ್ಲಿ ಸಹಕಾರಿ ಕಾರ್ಖಾನೆಗಳ ಒಕ್ಕೂಟ 'ಇಂಡ್ಕೋಸರ್ವ್' ಹುಟ್ಟಿತು. ಹೀಗೆ ಮೂರು ನಾಲ್ಕು ವರ್ಷದೊಳಗೆ ಆಲೂಗಡ್ಡೆಯ ಇಳಿಜಾರು ಚಹಾದ ಇಳಿಜಾರಾಗುವುದಕ್ಕೆ ಬೇಕಾದ ಎಲ್ಲವೂ ಬೆಟ್ಟದ ಮೇಲೆ ಸಿದ್ಧವಾಯಿತು.

ಇಲ್ಲೊಂದು ಅಡ್ಡ ಮಾತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ನಡುವೆ ಒಪ್ಪಂದವಾಗಿ, ಸಿಲೋನಿನ ಭಾರತ ಮೂಲದ ತೋಟ ಕಾರ್ಮಿಕರಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕೆಂದಾಯಿತು. ಹಾಗೆ ಬಂದವರಿಗೆ ಕೆಲಸ ಕೊಡುವುದಕ್ಕೆಂದು 1968ರಲ್ಲಿ ಅರಣ್ಯ ಇಲಾಖೆಯ ಅಡಿಯಲ್ಲಿ ಶುರುವಾದ ತೋಟಗಳೇ ಮುಂದೆ 'ಟ್ಯಾನ್‌ಟೀ' ಆದವು. ಗೂಡಲೂರು, ಕೋಟಗಿರಿ, ಕೂನೂರು ಕಡೆಯ ಜನಸಂಖ್ಯೆಯ ಲೆಕ್ಕವೂ ಭಾಷೆಯ ಲೆಕ್ಕವೂ ಇದರಿಂದ ಬದಲಾದವು. ಅದು ಬೇರೆಯೇ ಒಂದು ಉಪನ್ಯಾಸ. ಇಲ್ಲಿ ಹೇಳಿದ್ದು ಯಾಕೆಂದರೆ, 2000ದಲ್ಲಿ ಬೆಲೆ ಬಿದ್ದಾಗ ನಮ್ಮಲ್ಲಿ ಕೆಲವರು "ಲಂಕೆಯ ಚಹಾ" ಅಂತ ಕೂಗಿದರು. ಆ ಕೂಗು ಪಕ್ಕದ ಲೈನಿನಲ್ಲಿ ವಾಸ ಇದ್ದವರ ಕಿವಿಗೂ ಬೀಳುತ್ತಿತ್ತು. ಅವರನ್ನು "ಸಿಲೋನಿನವರು" ಅಂತಲೇ ನಾವು ಕರೆಯುತ್ತಿದ್ದದ್ದು.

ಸರಿ, ರಷ್ಯಾಕ್ಕೆ ಬರುತ್ತೇನೆ. 1953ರ ಡಿಸೆಂಬರಿನಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. 1958ರ ಒಪ್ಪಂದದ ನಂತರ ಲೆಕ್ಕವೆಲ್ಲ ರೂಪಾಯಿಯಲ್ಲಿ. ಈ ರೂಪಾಯಿ ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ವಿದ್ಯಾರ್ಥಿಗಳಿಗೆ ಇದು ಗೊಂದಲದ ಜಾಗ. ಸೋವಿಯತ್ತಿನಿಂದ ನಮಗೆ ಯಂತ್ರ, ಎಣ್ಣೆ, ಆಯುಧ, ಉಕ್ಕಿನ ಕಾರ್ಖಾನೆ ಬಂದವು, ಹೆಚ್ಚಿನದು ಸಾಲದ ಮೇಲೆ. ಭಾರತ ಆ ಸಾಲವನ್ನು ಡಾಲರಿನಲ್ಲಿ ಕಟ್ಟಲಿಲ್ಲ. ಕಟ್ಟಲು ಡಾಲರು ಇರಲೂ ಇಲ್ಲ. ಭಾರತದ ಬ್ಯಾಂಕಿನಲ್ಲಿ ಸೋವಿಯತ್ ಖಾತೆಗೆ ರೂಪಾಯಿ ಜಮಾ ಮಾಡಿತು. ಆ ರೂಪಾಯಿಯನ್ನು ಅವರು ಬೇರೆಲ್ಲಿಯೂ ಖರ್ಚು ಮಾಡುವಂತಿಲ್ಲ. ಭಾರತದಲ್ಲೇ ಸರಕು ಕೊಳ್ಳಬೇಕು. ಏನು ಕೊಳ್ಳುವುದು? ಚಹಾ, ಕಾಫಿ, ಗೋಡಂಬಿ, ಮೆಣಸು, ಚರ್ಮ, ಬಟ್ಟೆ. ಭಿಲಾಯಿಯ ಉಕ್ಕಿನ ಕಾರ್ಖಾನೆಯ ಸಾಲದಲ್ಲಿ ಒಂದಿಷ್ಟು ಚಹಾದ ಪೆಟ್ಟಿಗೆಗಳಲ್ಲಿ ತೀರಿತು ಅಂದರೆ ತಪ್ಪಾಗಲಾರದು.

ಸೋವಿಯತ್ತಿನಲ್ಲೂ ಚಹಾ ಬೆಳೆಯುತ್ತಿತ್ತು, ಜಾರ್ಜಿಯಾದಲ್ಲಿ. ಆದರೆ ಯಂತ್ರದಿಂದ ಕೊಯ್ದ ಆ ಎಲೆಯ ರುಚಿ ಜನರಿಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಭಾರತದ ಚಹಾ ಬೆರೆಸಿ, ಮೇಲೆ ಆನೆಯ ಚಿತ್ರ ಹಾಕಿ ಮಾರುತ್ತಿದ್ದರು. ಆ "ಆನೆ ಚಹಾ" ಇವತ್ತಿಗೂ ಅಲ್ಲಿನ ಹಿರಿಯರ ನೆನಪಿನಲ್ಲಿದೆ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟವೇ ನಮ್ಮ ಅತಿ ದೊಡ್ಡ ಗಿರಾಕಿ. ದಶಕದ ಕೊನೆಗೆ ವರ್ಷಕ್ಕೆ 10 ಕೋಟಿ ಕೆಜಿಗೂ ಮೇಲೆ, ಅಂದರೆ ನಮ್ಮ ಒಟ್ಟು ರಫ್ತಿನ ಅರ್ಧಕ್ಕೂ ಮಿಗಿಲು, ಅತ್ತ ಹೋಗುತ್ತಿತ್ತು.

ಬ್ರಿಟನ್ ಎಲ್ಲಿ ಹೋಯಿತು ಅಂತ ಕೇಳಬಹುದು. ಬ್ರಿಟನ್ನಿನ ಪೇಟೆಯನ್ನು ಕೆನ್ಯಾ ಮೆಲ್ಲಗೆ ತಿನ್ನುತ್ತಾ ಬಂದಿತ್ತು. 1983ರ ಕೊನೆಯಲ್ಲಿ ಊರೊಳಗೆ ಚಹಾದ ಬೆಲೆ ಏರಿತೆಂದು ಭಾರತ ಸರಕಾರ ಸಿಟಿಸಿ ಚಹಾದ ರಫ್ತಿಗೆ ತಡೆ ಹಾಕಿತು. ಊರಿನ ಗ್ರಾಹಕನ ದೃಷ್ಟಿಯಿಂದ ಅದು ಅರ್ಥವಾಗುವ ಕ್ರಮ. ಆದರೆ ಬೇಕೆಂದಾಗ ಸಿಗದ ಅಂಗಡಿಗೆ ಗಿರಾಕಿ ಮತ್ತೆ ಬರುವುದು ಕಷ್ಟ. ಹೀಗೆ ಡಾಲರು, ಪೌಂಡು ಕೊಡುವ ಪೇಟೆಗಳು ಒಂದೊಂದಾಗಿ ಸಡಿಲಾದವು. ರೂಪಾಯಿ ಕೊಡುವ ಒಂದು ಪೇಟೆಯ ಮೇಲೆ ನಮ್ಮ ಭಾರವೆಲ್ಲ ಬಿತ್ತು.

ಈಗ ಗುಣಮಟ್ಟದ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಇಡೀ ವಾದ ನಿಂತಿರುವುದು ಇದರ ಮೇಲೆ.

ಒಳ್ಳೆಯ ಚಹಾ ಆಗಬೇಕಾದರೆ ಎರಡೆಲೆ ಒಂದು ಕುಡಿ ಕೊಯ್ಯಬೇಕು. ಹಾಗೆ ಕೊಯ್ದರೆ ದಿನಕ್ಕೆ ಸಿಗುವ ತೂಕ ಕಡಿಮೆ, ಕೂಲಿ ಹೆಚ್ಚು. ಮೂರನೆಯ, ನಾಲ್ಕನೆಯ ಎಲೆಯನ್ನೂ ಸೇರಿಸಿ, ಕುಡಿಯೊಡೆಯದ ಬಂಜಿ ಎಲೆಯನ್ನೂ ಕಿತ್ತರೆ ತೂಕ ಬೇಗ ತುಂಬುತ್ತದೆ. ಸಣ್ಣ ಬೆಳೆಗಾರ ಎಲೆಯನ್ನು ಮಾರುವುದು ಊರಿನ ಎಲೆಕೊಳ್ಳುವ ಕಾರ್ಖಾನೆಗೆ, ತೂಕದ ಲೆಕ್ಕದಲ್ಲಿ. ಒಳ್ಳೆಯ ಎಲೆಗೂ ಒರಟು ಎಲೆಗೂ ದರ ಒಂದೇ ಆದರೆ ನೀವಾದರೂ ಯಾವುದನ್ನು ಕೊಯ್ಯುತ್ತೀರಿ? ಕಾರ್ಖಾನೆಯವನಾದರೂ ಯಾಕೆ ದರದಲ್ಲಿ ಭೇದ ಮಾಡಲಿಲ್ಲ? ಕಾರ್ಖಾನೆಗಳು ಒಂದರ ಮೇಲೊಂದು ಎದ್ದಿದ್ದವು, ಎಲೆಗೆ ಪೈಪೋಟಿ ಇತ್ತು. ಬೇಡ ಅಂದರೆ ಬೆಳೆಗಾರ ಪಕ್ಕದವನಿಗೆ ಕೊಡುತ್ತಿದ್ದ. ಮೇಲಾಗಿ ಹರಾಜಿನಲ್ಲಿ ಮಾಡಿದ್ದೆಲ್ಲ ಹೋಗುತ್ತಿತ್ತು. ಎರಡು ಸರಕಾರಗಳು ವರ್ಷದ ವ್ಯಾಪಾರ ಯೋಜನೆಯಲ್ಲಿ ಇಂತಿಷ್ಟು ಟನ್ ಚಹಾ ಅಂತ ಬರೆದುಬಿಟ್ಟ ಮೇಲೆ ಆ ಟನ್ ತುಂಬಬೇಕು. ತುಂಬುವ ಅವಸರದಲ್ಲಿ ಒಳ್ಳೆಯದರ ಬೆಲೆಗೂ ಸಾಧಾರಣದ ಬೆಲೆಗೂ ಇರಬೇಕಾದ ಅಂತರ ಕರಗುತ್ತದೆ. ಅಪ್ಪ ಹರಾಜು ಕಟ್ಟಡದೊಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ಆದರೂ ಎಲೆಯ ದರ ಏರಿದ ವಾರ "ರಷ್ಯಾದವನು ಇಳಿದಿದ್ದಾನೆ" ಅನ್ನುತ್ತಿದ್ದ. ನಾನು ಚಿಕ್ಕವನಿದ್ದಾಗ ಯಾರೋ ಒಬ್ಬ ಮನುಷ್ಯ ನಿಜವಾಗಿಯೂ ಬಸ್ಸಿನಿಂದ ಇಳಿದಿದ್ದಾನೆ ಅಂತಲೇ ತಿಳಿದಿದ್ದೆ.

ಹಾಗಂತ ಆ ಕಾಲವನ್ನು ಬೈಯುವುದಕ್ಕೆ ನಾನು ಬಂದಿಲ್ಲ. ಒಂದೆರಡು ಎಕರೆಯವನು ಮಕ್ಕಳನ್ನು ಓದಿಸಿದ್ದು, ಹಂಚಿನ ಮನೆ ತೆಗೆದು ತಾರಸಿ ಹಾಕಿಸಿದ್ದು ಆ ದುಡ್ಡಿನಲ್ಲೇ. ನಾನು ಈ ಕುರ್ಚಿಯಲ್ಲಿ ಕೂತಿರುವುದೂ ಅದರಿಂದಲೇ. ನನ್ನ ತಕರಾರು ಬೇರೆ. ಬಂದ ಹಣದಲ್ಲಿ ಒಂದು ಪಾಲನ್ನು ಹಳೆಯ ಗಿಡ ಕಿತ್ತು ಹೊಸದು ನೆಡಲು, ಕಾರ್ಖಾನೆಯ ಯಂತ್ರ ಸುಧಾರಿಸಲು, ಬೇರೆ ಗಿರಾಕಿಯನ್ನು ಹುಡುಕಲು ತೊಡಗಿಸಬೇಕು ಅಂತ ಆಗ ಹೇಳಬೇಕಾದವರು ಗಟ್ಟಿಯಾಗಿ ಹೇಳಲಿಲ್ಲ. ಚಹಾ ಮಂಡಳಿಯ ಕಡೆಗೂ ಬೆರಳು ತೋರಿಸಬೇಕು, ನಮ್ಮ ಕಡೆಗೂ ತೋರಿಸಿಕೊಳ್ಳಬೇಕು.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಮುಗಿಯಿತು. ಹಾಗಾದರೆ ಬೆಲೆ 1992ರಲ್ಲೇ ಬೀಳಬೇಕಿತ್ತಲ್ಲ, 1999ರ ತನಕ ಯಾಕೆ ತಡೆಯಿತು? ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ. ರಫ್ತು ಆಗಲೇ ಪೆಟ್ಟು ತಿಂದಿತು, ನಿಜ. ಆದರೆ 1993ರ ಜನವರಿಯಲ್ಲಿ ಯೆಲ್ತ್ಸಿನ್ ದೆಹಲಿಗೆ ಬಂದಾಗ ಹಳೆಯ ಸಾಲದ ಬಗ್ಗೆ ಒಪ್ಪಂದವಾಯಿತು. ಭಾರತ ತೀರಿಸಬೇಕಾದ ಸಾಲವನ್ನು ವರ್ಷ ವರ್ಷ ರೂಪಾಯಿಯಲ್ಲಿ ಕಟ್ಟುವುದು, ಆ ರೂಪಾಯಿಯಲ್ಲಿ ರಷ್ಯಾ ಇಲ್ಲಿಯ ಸರಕು ಕೊಳ್ಳುವುದು. ಅಂದರೆ ದೇಶ ಸತ್ತರೂ ಖಾತೆ ಬದುಕಿತ್ತು. ಸರಕಾರಿ ಗುಮಾಸ್ತನ ಜಾಗಕ್ಕೆ ಖಾಸಗಿ ವ್ಯಾಪಾರಿ ಬಂದ. ಅವನಿಗೂ ಅಗ್ಗದ ಚಹಾ ಬೇಕಿತ್ತು. ದಕ್ಷಿಣದ ಚಹಾ ಅಗ್ಗವಾಗಿತ್ತು. 1990ರ ದಶಕದ ನಡುವಿನಿಂದ 1998ರ ತನಕ ಎಲೆಗೆ ಒಳ್ಳೆಯ ದರ ಸಿಕ್ಕಿತು. ನಮ್ಮವರು ಉಳಿದಿದ್ದ ತರಕಾರಿ ಹೊಲಕ್ಕೂ ಚಹಾ ಹಾಕಿದರು.

1998ರ ಆಗಸ್ಟ್ 17ರಂದು ರಷ್ಯಾ ಸಾಲ ತೀರಿಸಲಾರೆ ಅಂದಿತು. ರೂಬಲ್ ನೆಲಕ್ಕೆ ಬಿತ್ತು. ಅದೇ ವರ್ಷದ ಜೂನ್ ಕೊನೆಯಲ್ಲಿ ಲಂಡನ್ನಿನ ಹರಾಜು, 1679ರಿಂದ ನಡೆದುಬಂದದ್ದು, ಶಾಶ್ವತವಾಗಿ ಮುಚ್ಚಿತ್ತು. ಎರಡಕ್ಕೂ ನೇರ ಸಂಬಂಧ ಇಲ್ಲ, ಆದರೆ ಒಂದೇ ಬೇಸಿಗೆಯಲ್ಲಿ ಹಳೆಯ ಗಿರಾಕಿಗಳ ಎರಡು ಬಾಗಿಲುಗಳ ಸದ್ದು ಕೇಳಿದಂತಾಯಿತು. ಚೇತರಿಸಿಕೊಂಡ ಮೇಲೆ ರಷ್ಯಾದವರು ಶ್ರೀಲಂಕಾದ, ಕೆನ್ಯಾದ, ಚಂದದ ಪೊಟ್ಟಣದ ಚಹಾ ಕೇಳತೊಡಗಿದರು. ಆಯ್ದು ಕೊಳ್ಳುವ ಗಿರಾಕಿಯ ಮುಂದೆ ನಮ್ಮ ಮೂರನೆಯ ಎಲೆ, ನಾಲ್ಕನೆಯ ಎಲೆ ಮೊದಲ ಸಲ ಎದ್ದು ಕಂಡಿತು.

ಉತ್ತರದ ತೋಟಗಳಿಗೆ ಈ ಪೆಟ್ಟು ಸ್ವಲ್ಪ ಹಗುರವಾಗಿ ತಾಗಿತು. ಅಲ್ಲಿಯ ಚಹಾ ಬಹುಪಾಲು ದೇಶದೊಳಗೇ ಖರ್ಚಾಗುತ್ತದೆ. ದಕ್ಷಿಣದ ಪಾಲು ಒಟ್ಟು ಉತ್ಪಾದನೆಯಲ್ಲಿ ಸುಮಾರು ಕಾಲು ಭಾಗ, ಆದರೆ ಅದರಲ್ಲಿ ರಫ್ತಿನ ಅಂಶ ಹೆಚ್ಚು. ದಕ್ಷಿಣದೊಳಗೆ ಐವತ್ತು ಸಾವಿರಕ್ಕೂ ಮೇಲ್ಪಟ್ಟ ಸಣ್ಣ ಬೆಳೆಗಾರರು ಒತ್ತೊತ್ತಾಗಿ ಇದ್ದದ್ದು ನೀಲಗಿರಿಯಲ್ಲಿ. ಮಾಸ್ಕೋದ ಪೆಟ್ಟು ಹೀಗೆ ಜರಡಿಯಾಗಿ ಜರಡಿಯಾಗಿ ಹಟ್ಟಿಗಳ ಮೇಲೆ ಬಂದು ನಿಂತಿತು. ರಸ್ತೆ ತಡೆ, ಉಪವಾಸ, ಕೊಯ್ಲು ನಿಲ್ಲಿಸಿದ್ದು, ಇವೆಲ್ಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇನ್ನು ಲಂಕೆಯ ಚಹಾ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದ ಮಾರ್ಚಿನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ರಿಯಾಯಿತಿ ಸುಂಕದಲ್ಲಿ ಬರಬಹುದಾದ ಚಹಾ ವರ್ಷಕ್ಕೆ 1.5 ಕೋಟಿ ಕೆಜಿ. ಆ ಮಿತಿ ತುಂಬಲೂ ಇಲ್ಲ. ಆ ವರ್ಷ ಭಾರತ ಬೆಳೆದದ್ದು ಸುಮಾರು 85 ಕೋಟಿ ಕೆಜಿ. ತುಂಬಿದ್ದರೂ ಎರಡು ಶೇಕಡಾ ಆಗುತ್ತಿರಲಿಲ್ಲ. ಬೆಲೆ ಬಿದ್ದದ್ದು ಒಪ್ಪಂದ ಜಾರಿಯಾಗುವ ಮೊದಲೇ. ಆದರೆ ರೂಬಲ್ಲಿನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಲಂಕೆ ಹತ್ತಿರ ಇತ್ತು, ಹೆಸರು ಹಿಡಿದು ಬೈಯಬಹುದಿತ್ತು.

ಸರಕಾರ ಸುಮ್ಮನೆ ಕೂರಲಿಲ್ಲ. ಕೆಜಿಗಿಷ್ಟು ಅಂತ ಸಹಾಯಧನ ಕೊಟ್ಟರು, ಗುಣಮಟ್ಟ ಸುಧಾರಣೆಯ ಯೋಜನೆ ತಂದರು, ತಮಿಳುನಾಡು ಸರಕಾರ ರೇಷನ್ ಅಂಗಡಿಗಳಲ್ಲಿ 'ಊಟಿ ಟೀ' ಮಾರಿಸಿತು. 2003ರ ಚಹಾ ಮಾರುಕಟ್ಟೆ ನಿಯಂತ್ರಣ ಆದೇಶದ ಅಡಿಯಲ್ಲಿ ಹರಾಜಿನ ಬೆಲೆಯನ್ನು ಬೆಳೆಗಾರ ಮತ್ತು ಕಾರ್ಖಾನೆ ಹಂಚಿಕೊಳ್ಳುವ ಸೂತ್ರ ಬಂತು. ಮೊದಲು 60:40, ಆಮೇಲೆ 65:35. ಒಂದು ಕೆಜಿ ಚಹಾಕ್ಕೆ ನಾಲ್ಕು ಕೆಜಿಗಿಂತ ಸ್ವಲ್ಪ ಹೆಚ್ಚು ಹಸಿರೆಲೆ ಬೇಕು. ಹರಾಜಿನಲ್ಲಿ ನೂರು ರೂಪಾಯಿ ಬಂತು ಅಂದುಕೊಳ್ಳಿ, ಬೆಳೆಗಾರನ ಪಾಲು ಅರವತ್ತೈದು, ಅದನ್ನು ನಾಲ್ಕೂಕಾಲರಿಂದ ಭಾಗಿಸಿ: ಕೆಜಿ ಎಲೆಗೆ ಹದಿನೈದು ರೂಪಾಯಿ ಚಿಲ್ಲರೆ. ಕೊಯ್ಲಿನ ಕೂಲಿ, ಗೊಬ್ಬರ, ಕವಾತು ಎಲ್ಲ ಇದರೊಳಗೆ. 2023ರಲ್ಲಿ ನಮ್ಮವರು ಮತ್ತೆ ಧರಣಿ ಕೂತು ಕೆಜಿಗೆ 33.50 ರೂಪಾಯಿ ಕನಿಷ್ಠ ಬೆಲೆ ಕೇಳಿದ್ದು ಈ ಲೆಕ್ಕದ ಮುಂದೆ ಇಟ್ಟು ನೋಡಬೇಕು.

ಇಡೀ ದೇಶದ ಲೆಕ್ಕ ಒಂದು ಹೇಳಿ ಮುಂದೆ ಹೋಗುತ್ತೇನೆ. 1951ರಲ್ಲಿ ಭಾರತ ಬೆಳೆದದ್ದು 28.5 ಕೋಟಿ ಕೆಜಿ, ರಫ್ತು ಮಾಡಿದ್ದು ಸುಮಾರು 20 ಕೋಟಿ. ಈಗ ಬೆಳೆಯುವುದು 130 ಕೋಟಿಯ ಆಸುಪಾಸು, ರಫ್ತು ಸುಮಾರು 25 ಕೋಟಿ. ಎಪ್ಪತ್ತು ವರ್ಷದಲ್ಲಿ ಬೆಳೆ ನಾಲ್ಕು ಪಟ್ಟಿಗಿಂತ ಹೆಚ್ಚಾದರೂ ರಫ್ತು ಹೆಚ್ಚುಕಡಿಮೆ ಅಲ್ಲೇ ಇದೆ. ರೂಪಾಯಿ ಖಾತೆಯ ಆಟವೂ ಮುಗಿದಿಲ್ಲ. 2012ರ ನಂತರ ಇರಾನಿನ ಎಣ್ಣೆಗೆ ಭಾರತ ರೂಪಾಯಿಯಲ್ಲಿ ಹಣ ಕಟ್ಟತೊಡಗಿದಾಗ ಇರಾನ್ ಆ ಹಣದಲ್ಲಿ ನಮ್ಮ ಚಹಾ ಕೊಂಡಿತು. 2019ರಲ್ಲಿ ಅಮೆರಿಕದ ದಿಗ್ಬಂಧನಕ್ಕೆ ಎಣ್ಣೆ ನಿಂತಿತು, ಖಾತೆ ಬರಿದಾಗುತ್ತಾ ಬಂತು, ಚಹಾಕ್ಕೂ ಕಷ್ಟ ಬಂತು. ಆ ಸಲ ಹೆಚ್ಚು ಬಿಸಿ ತಾಗಿದ್ದು ಅಸ್ಸಾಮಿನ ಆರ್ಥೊಡಾಕ್ಸ್ ಚಹಾಕ್ಕೆ. ಅಲ್ಲೂ "ಗುಣಮಟ್ಟ" ಎಂಬ ಮಾತು ಬಂದರೆ ನಾನು ಮೊದಲು ಬ್ಯಾಂಕಿನ ಖಾತೆ ತೋರಿಸಿ ಅನ್ನುತ್ತೇನೆ.

ಪ್ರಶ್ನೆಗಳಿಗೆ ಬರೋಣ. ಚಾಟಿನಲ್ಲಿ ತಾಳವಾಡಿ ಕಡೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: "ಸರ್, ತಪ್ಪು ಪೇಟೆಯದೇ ಅಂತ ನೀವು ಹೇಳಿದರೆ ರೈತ ಏನೂ ಬದಲಾಯಿಸಿಕೊಳ್ಳಬೇಕಿಲ್ಲ ಅಂತ ಆಗುವುದಿಲ್ಲವೇ?" ಇಲ್ಲಪ್ಪ, ಹಾಗಲ್ಲ. ಎರಡೆಲೆ ಒಂದು ಕುಡಿ ಕೊಯ್ದು, ಅದಕ್ಕೆ ಬೇರೆ ದರ ಕೊಡುವ ಸಣ್ಣ ಕಾರ್ಖಾನೆಗೆ ಹಾಕಿ ಗೆದ್ದವರು ನಮ್ಮಲ್ಲಿ ಇದ್ದಾರೆ. ನಾನು ಹೇಳುವುದು ಕ್ರಮದ ಬಗ್ಗೆ. ದರದಲ್ಲಿ ಭೇದ ಮೊದಲು ಬರಬೇಕು, ಆಮೇಲೆ ಎಲೆಯಲ್ಲಿ ಭೇದ ಬರುತ್ತದೆ. 2000ದಲ್ಲಿ ಎಲೆಯನ್ನು ಮೊದಲು ತಿದ್ದು ಅಂದರು, ದರ ಆಮೇಲೆ ನೋಡೋಣ ಅಂದರು.

ಇನ್ನೊಬ್ಬರು, ಕಾಸರಗೋಡಿನ ಮೇಡಮ್, ಕೇಳುತ್ತಿರುವುದು ದಾಖಲೆಗಳ ಬಗ್ಗೆ: ಕನ್ನಡದಲ್ಲಿ ಏನಾದರೂ ಇದೆಯೇ ಅಂತ. ಹರಾಜಿನ ಕ್ಯಾಟಲಾಗು ಇಂಗ್ಲಿಷಿನಲ್ಲಿ, ಕಾರ್ಖಾನೆಯ ಚೀಟಿ ತಮಿಳಿನಲ್ಲಿ, ಲೆಕ್ಕ ಮನೆಯಲ್ಲಿ ಬಾಯಲ್ಲಿ. ನಮ್ಮ ಕಡೆಯ ಹಳಬರು ಕೆಲವರು ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನದ ತೂಕ, ದರ, ಕಡಿತ ಬರೆದಿಡುತ್ತಿದ್ದರು. ಅಪ್ಪ 1987ರಿಂದ 2004ರ ತನಕ ಬರೆದದ್ದು ನನ್ನ ಹತ್ತಿರ ಇದೆ, ನಡುವೆ ಎರಡು ವರ್ಷದ್ದು ಇಲಿ ತಿಂದಿದೆ. ಇಂಥವು ನಿಮ್ಮ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಇದ್ದರೆ ರದ್ದಿಗೆ ಹಾಕಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡು ಸಂಚಾಲಕರಿಗೆ ತಿಳಿಸಿ. ತೂಕದ ಪಕ್ಕದಲ್ಲಿ ಕಡಿತ ಬರೆದಿರುವ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು.